ಬೆಂಡಿನ ಗುಡಿಗೆ ಕಳಸ ಕೊರೆಯುವ ತಿಮ್ಮಮ್ಮ

ಶ್ರೀರಂಗಪಟ್ಟಣ: ಬೆಳಕು ಹರಿಯುವ ಮುಂಚೆಯೇ ತಿಮ್ಮಮ್ಮ ಜಗಲಿಗೆ ಬಂದು ಕೂರುತ್ತಾರೆ. ಮೊಣಕಾಲ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಬೆಂಡಿನ ತುಂಡು, ಕೈಯಲ್ಲಿ ಚೂರಿ. ಬಿಸಿಲೇರಿ ಗಾಳಿ ಎದ್ದರೆ ಕೊರೆದದ್ದೆಲ್ಲ ಬೀದಿಗೆ ಹಾರಿಹೋಗುತ್ತದೆ. ಹಾಗಾಗಿ ಕೆಲಸವೆಲ್ಲ ಈ ಹೊತ್ತಿನಲ್ಲೇ. ನೋಡುತ್ತಿದ್ದಂತೆ ಕಡಲೆಕಾಳಿನಷ್ಟು ಕಳಸವೊಂದು ಚೂರಿಯ ತುದಿಯಲ್ಲಿ ಮೂಡುತ್ತದೆ. ಅದನ್ನು ಉಗುರಿನ ಮೇಲೆ ಇಳಿಸಿಕೊಂಡು ಮೊರಕ್ಕೆ ಹಾಕುತ್ತಾರೆ.

ಇಲ್ಲಿಗೆ ಬರುವ ಯಾತ್ರಿಕರು ಕೊಳ್ಳುವ ಬೆಂಡಿನ ಗುಡಿಯನ್ನು ಹಲವರು ಕಂಡಿರಬಹುದು. ಬಾಸಿಂಗ ಮಾಡುವ ಅದೇ ಹಗುರ ಬೆಂಡು. ಕಟ್ಟಿದ ಗುಡಿ ರೈಲಿನ ನೂಕುನುಗ್ಗಲಲ್ಲಿ ಉಳಿಯುವುದಿಲ್ಲ. ಆದ್ದರಿಂದ ಗೋಡೆ, ಕಂಬ, ಗೋಪುರಗಳನ್ನು ಬಿಡಿಬಿಡಿಯಾಗಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಕೊಂಡವರು ಮನೆಗೆ ಹೋಗಿ ಹುಣಸೆಬೀಜದ ಅಂಟಿನಿಂದ ಜೋಡಿಸಿಕೊಳ್ಳಬೇಕು. ಪೆಟ್ಟಿಗೆ ಮಾಡುವವರು ಈಗ ಮೂವರು: ಇದೇ ಊರಿನ ಚೌಡಯ್ಯ, ಪಾಂಡವಪುರದ ಶಿವಲಿಂಗಯ್ಯ, ನಾಗಮಂಗಲದಲ್ಲಿ ಇನ್ನೊಬ್ಬರು. ಕಳಸ, ದ್ವಾರಪಾಲಕ, ಬಾಗಿಲ ಆನೆಯಂಥ ಸಣ್ಣ ಕೆಲಸ ಮೂವರಿಗೂ ಬೇಡ. ಅವು ತಿಮ್ಮಮ್ಮನವು, ಬೇರೆಯಾಗಿ ಕೊಳ್ಳಬೇಕು. ಯಾವ ಪೆಟ್ಟಿಗೆಯ ಮೇಲೂ ಅವರ ಹೆಸರಿಲ್ಲ.

ಒಬ್ಬರ ಗುಡಿಗೆ ಹೊಂದುವ ಕಳಸ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಈ ಕಸುಬಿನಲ್ಲಿ ಅಡಿಪಟ್ಟಿಯೇ ಇಲ್ಲ. ಮಾಡುವವನ ನಡುಬೆರಳಿನ ಎರಡು ಗೆಣ್ಣುಗಳ ನಡುವಿನ ಉದ್ದವೇ ಅಳತೆ. ಅದೇ ಒಂದು ಕಂಬದ ಎತ್ತರ. ಬೆರಳು ಉದ್ದವಾದರೆ ಗುಡಿಯೂ ದೊಡ್ಡದು. ತಿಮ್ಮಮ್ಮ ಒಬ್ಬೊಬ್ಬರ ಬೆರಳಿಗೂ ಒಂದೊಂದು ಬಿದಿರುಕಡ್ಡಿ ಕತ್ತರಿಸಿ ಇಟ್ಟುಕೊಂಡಿದ್ದಾರೆ.

ನಾವು ಕೂತಿರುವಾಗಲೇ ಚೌಡಯ್ಯ ಬರುತ್ತಾರೆ, ಅಂಗೈಯಲ್ಲಿ ಒಂದು ಆನೆ.

“ಅಕ್ಕಾ, ನಿನ್ನ ಆನೆ ನನ್ನ ಬಾಗ್ಲಲ್ಲಿ ತೂರಾಕಿಲ್ಲ ಅಂತ ಗಿರಾಕಿ ವಾಪಸ್ ತಂದವ್ನೆ.”

“ಅದು ಪಾಂಡವಪುರದೋರ ಅಳತೆ ಆನೆ ಕಣ್ಲಾ. ಠೇಸನ್ನಲ್ಲಿ ತಕ್ಕೊಂಡವ್ನೆ. ನಿನ್ನ ಬಾಗ್ಲಿಗೆ ತೂರ್ಸು ಅಂತ ಯಾವನೇಳ್ದ? ನಿನ್ನ ಬೆಳ್ಳು ಅವರೇಕಾಯಿ ಅಂಗವೆ, ಬಾಗ್ಲು ಎಲ್ಲಿಂದ ದೊಡ್ದಾದಾತು?”

“ಬೈಯೋದಾದ್ರೆ ನನ್ನ ಬೈಯಿ. ಬೆಳ್ಳೇನು ಮಾಡ್ದೋ ನಿಂಗೆ?”

ತಿಮ್ಮಮ್ಮ ನಗುತ್ತಾ ಆನೆಯ ಕಾಲುಗಳನ್ನು ಮೊಟಕು ಮಾಡಿ, ಬೆನ್ನು ಸವರಿ ಕೊಡುತ್ತಾರೆ.

ಪೆಟ್ಟಿಗೆ ಮಾಡುವ ನಾಲ್ಕನೆಯವನೊಬ್ಬನಿದ್ದ, ತಿಮ್ಮಮ್ಮನ ಒಬ್ಬನೇ ಮಗ ಚಿಕ್ಕಸಿದ್ದಯ್ಯ. ಎರಡು ವರ್ಷ ಸ್ವಂತ ಪೆಟ್ಟಿಗೆ ಮಾಡಿದ. ೧೯೬೮ರ ಕಾರ್ತಿಕದಲ್ಲಿ ಕೃಷ್ಣರಾಜಪೇಟೆ ಕಡೆಯ ಕೆರೆಯೊಂದರಲ್ಲಿ ಬೆಂಡಿನ ಗಿಡ ಕೀಳಲು ಇಳಿದವನು ಕೆಸರಿಗೆ ಸಿಕ್ಕಿ ಮುಳುಗಿದ. ವಯಸ್ಸು ಇಪ್ಪತ್ತಮೂರು. ಒಂದು ಫೋಟೊ ಕೂಡ ತೆಗೆಸಿರಲಿಲ್ಲ.

ಸತ್ತವನ ಅಳತೆ ಬದುಕಿದವರ ಕೈಯಲ್ಲಿ ಇರಬಾರದು ಎಂಬುದು ಕಸುಬಿನವರ ರೂಢಿ. ಕಡ್ಡಿಯನ್ನು ಅವನ ಜೊತೆಗೇ ಮಣ್ಣು ಮಾಡುತ್ತಾರೆ. ತಮ್ಮ ತಂದೆಯದನ್ನೂ ಹಾಗೆಯೇ ಮಾಡಿದೆವು ಎಂದು ಚೌಡಯ್ಯ ಹೇಳುತ್ತಾರೆ.

“ನಾನೇ ಗುಂಡಿಗೆ ಆಕ್ದೆ ಸ್ವಾಮಿ,” ಎನ್ನುತ್ತಾರೆ ತಿಮ್ಮಮ್ಮ. “ಯಾರೂ ಬಲವಂತ ಮಾಡ್ಲಿಲ್ಲ. ಆವತ್ತು ಬುದ್ಧಿ ಎಲ್ಲಿತ್ತು? ಆಮ್ಯಾಕೆ ಮನೆಗೆ ಬಂದು ಉಡುಕ್ತೀನಿ, ಅವನು ಮಾಡಿದ್ದು ಒಂದು ಕಂಬಾನೂ ಇಲ್ಲ. ಎಲ್ಲಾನೂ ಮಾರ್ಬುಟ್ಟಿದ್ದ.”

ನೆನಪಿನಿಂದ ಒಂದು ಕಡ್ಡಿ ಕತ್ತರಿಸಿದರು. ಅದಕ್ಕೆ ತಕ್ಕ ಕಳಸ ಕೊರೆದರು. ಇನ್ನೊಂದು ದಿನ ಅದು ಉದ್ದವಾಯಿತೆನಿಸಿ ಬೇರೆ ಕಡ್ಡಿ, ಬೇರೆ ಕಳಸ. ಅಂಥವು ಈಗ ಒಂದು ಬೊಗಸೆಯಾಗಿವೆ.

“ಸರಿಯೋ ತಪ್ಪೋ, ಏನರ ಮ್ಯಾಲೆ ಮಡಗಿ ನೋಡ್ಲಿ? ಆ ಕೈ ಇಡ್ಕಂಡು ನಡೆಯಾಕೆ ಕಲಿಸ್ದೋಳು ನಾನು. ಬೆಳ್ಳು ಎಷ್ಟುದ್ದ ಇತ್ತು ಅಂತ ನಂಗೇ ಗೊತ್ತಿಲ್ಲ.”

ಗುಡಿ ಮುರಿದರೆ ಕೆಲವರು ಮತ್ತೆ ಯಾತ್ರೆಗೆ ಬರುವಾಗ ರಿಪೇರಿಗೆ ತರುವುದುಂಟು. ಕಳೆದ ವರ್ಷ ಬೊಂಬಾಯಿಯ ಒಂದು ಕುಟುಂಬ ಹಾಗೆ ತಂದಿತ್ತು. ಬಟ್ಟೆ ಬಿಚ್ಚುತ್ತಲೇ ತಿಮ್ಮಮ್ಮ ನೋಡಿದ್ದು ಮುರಿದ ಜಾಗವನ್ನಲ್ಲ, ಗೋಡೆಯ ಮೇಲಿನ ಚೂರಿಯ ಗೀರನ್ನು. ಚಿಕ್ಕಸಿದ್ದಯ್ಯ ಎಡಚ. ಅವನ ಗೀರು ಎಡಕ್ಕೆ ವಾಲುತ್ತಿತ್ತು. ಇದು ಬಲಕ್ಕೆ ವಾಲಿತ್ತು, ಶಿವಲಿಂಗಯ್ಯನವರದು. ಕಳಸ ಅಂಟಿಸಿ ಕೊಟ್ಟು ಕಳಿಸಿದರು. ಆಮೇಲೆ ನಾಲ್ಕಾರು ದಿನ ಚೂರಿ ಮುಟ್ಟಲಿಲ್ಲವಂತೆ. ಇದನ್ನು ಹೇಳಿದವರು ಚೌಡಯ್ಯ.

ಬಿಸಿಲು ಜಗಲಿಯ ಅಂಚಿಗೆ ಬಂದಿದೆ. ಮೊರವನ್ನು ಒಳಗಿಟ್ಟು ಬರುತ್ತಾರೆ. ಏನಾದರೂ ಆಗಬೇಕಿತ್ತೇ ಎಂದು ಕೇಳಿದಾಗ ಪಿಂಚಣಿಯ ಮಾತೋ ಕನ್ನಡಕದ ಮಾತೋ ಬರಬಹುದೆಂದು ನಾವು ಎಣಿಸಿದ್ದೆವು.

“ದೇವ್ರ ಗುಡಿ ಮುರೀಲಿ ಅನ್ಬಾರ್ದು ಸ್ವಾಮಿ. ಗುಡಿ ನೆಟ್ಟಗಿರ್ಲಿ. ನನ್ನ ಮಗ ಮಾಡಿದ್ದು ಯಾರ ಮನೇಲೈತೋ, ಅಲ್ಲಿ ಮಕ್ಳುಮರಿ ಆಡ್ತಾ ಆಡ್ತಾ ಕೈ ತಗಲ್ಸಿ ಕಳಸ ಒಂದ ಬೀಳ್ಸಲಿ. ಅಷ್ಟು ಸಾಕು. ಮಕ್ಳ ಬೈಬ್ಯಾಡಿ, ತಕ್ಕೊಂಡ್ ಬನ್ನಿ, ನಾನು ಪುಕ್ಕಟೆ ಮಾಡ್ಕೊಡ್ತೀನಿ. ಪೇಪರ್ನಲ್ಲಿ ಆಕದಾದ್ರೆ ಇದ ಆಕಿ.”