ಅವ್ವ ನೋಡಿದ ಹಸಿರು ಬಾವುಟ

ಸಿನಿಮಾ ಮುಗಿದು ದೀಪ ಹತ್ತಿತು. ಜನರೆಲ್ಲ ಎದ್ದು ಹೊರಟರೂ ಅವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಲಾರಿ ಓಡಿಸುವ ಆಸೆ ಇಟ್ಟುಕೊಂಡಿದ್ದ ಹುಡುಗಿಯೊಬ್ಬಳು ದೊಡ್ಡವಳಾಗಿ, ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲೇ ಟೀ ಅಂಗಡಿ ಇಟ್ಟುಕೊಳ್ಳುವ ಕತೆ ಅದು. ಅವ್ವ ನನ್ನ ಕೈ ಹಿಡಿದು, “ನಾನೂ ರೈಲಿನ ಗಾರ್ಡ್ ಆಗ್ಬೇಕು ಅನ್ಕಂಡಿದ್ದೆ ಕಣೆ. ಚಿಕ್ಕೋಳಿದ್ದಾಗ ಹಳಿ ಪಕ್ಕ ನಿಂತ್ಕಂಡು ಹಸಿರು ಲಂಗಾನೇ ಬಾವುಟದಂಗೆ ಬೀಸ್ತಿದ್ದೆ” ಎಂದಳು. ಇಷ್ಟು ವರ್ಷ ಜೊತೆಗಿದ್ದರೂ ಈ ಮಾತನ್ನು ನಾನು ಕೇಳಿದ್ದು ಅಂದೇ.

ಚಿತ್ರದುರ್ಗದಿಂದ ರೈಲು ಹಿಡಿದು, ಇನ್ನೂ ಬೆಳಕಿರುವಾಗಲೇ ನಮ್ಮೂರು ಚಿಕ್ಕಜಾಜೂರಿನಲ್ಲಿ ಇಳಿದೆವು. ಮನೆಯ ಕಡೆ ಹೆಜ್ಜೆ ಹಾಕುತ್ತಿದ್ದ ಅವ್ವ ಕೊನೆಯ ಬೋಗಿಯ ಮುಂದೆ ನಿಂತೇಬಿಟ್ಟಳು. ಬಾಗಿಲಲ್ಲಿ ಗಾರ್ಡ್ ನಿಂತಿದ್ದಳು. ಎಳೆಯ ಹುಡುಗಿ, ಕೈಯಲ್ಲಿ ಸುತ್ತಿಟ್ಟ ಬಾವುಟ.

“ಯಾರಾದ್ರೂ ಹತ್ಬೇಕಾಗಿತ್ತೇನಮ್ಮಾ?” ಎಂದು ಕೇಳಿದಳು.

“ಇಲ್ಲ ಕಣವ್ವ. ನೀನು ಬಾವುಟ ತೋರ್ಸು, ನೋಡ್ಕಂಡು ಹೋಗ್ತೀನಿ” ಎಂದಳು ಅವ್ವ.

ಆ ಹುಡುಗಿ ನಕ್ಕಳು. ರೈಲು ಹೊರಡುವ ಹೊತ್ತಾದಾಗ ಹಸಿರು ಬಾವುಟ ಬಿಚ್ಚಿ ಬೀಸಿದಳು. ರೈಲು ಕಣ್ಮರೆಯಾಗುವವರೆಗೂ ಅವ್ವ ಕದಲಲಿಲ್ಲ. ಸೆರಗಿನ ತುದಿ ಹಿಡಿದಿದ್ದ ಅವಳ ಕೈ ಮಾತ್ರ ಮೆಲ್ಲಗೆ ಅತ್ತಿತ್ತ ಆಡುತ್ತಿತ್ತು.

ನಮ್ಮ ಮನೆ ಹಳಿಯ ಪಕ್ಕದಲ್ಲೇ ಇದೆ. ರೈಲು ಬಂದರೆ ಎಲ್ಲರೂ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತೇವೆ. ಅವ್ವ ಮಾತ್ರ ರೈಲು ಹೋದ ಮೇಲೂ, ನಾವು ಕರೆದರೂ ತಿರುಗದೆ, ಸ್ವಲ್ಪ ಹೊತ್ತು ಹಳಿಯ ಕಡೆಯೇ ನೋಡುತ್ತಿರುತ್ತಾಳೆ. ಕಿವಿ ಮಂದವಾಗಿರಬೇಕು ಎಂದುಕೊಂಡಿದ್ದೆ, ಇಷ್ಟು ದಿನ.