ಫೆಮ್ಮಿ ಹಗಲಲ್ಲಿ ಪರದೆ ಎಳೆದದ್ದು

ಹಾರ್ಲೆಮ್ ಊರಿನ ಉಪ್ಪಿನ ಓಣಿಯಲ್ಲಿ ಹಗಲುಹೊತ್ತು ಯಾರೂ ಕಿಟಕಿಯ ಪರದೆ ಎಳೆಯುವುದಿಲ್ಲ. ಒಳಗೆ ಉಣ್ಣುತ್ತಿರಲಿ, ಜಗಳವಾಡುತ್ತಿರಲಿ, ಹಾದುಹೋಗುವವರಿಗೆಲ್ಲ ಕಾಣುತ್ತಿರಬೇಕು. ಮುಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ ಎಂಬ ಜಂಬ ಅವರಿಗೆ. ಪರದೆ ಎಳೆದರೆ ಅರ್ಥ ಒಂದೇ, ಆ ಮನೆಯಲ್ಲಿ ಸಾವಾಗಿದೆ. ಆಗ ಎದುರು ಸಾಲಿನವರೂ ತಮ್ಮ ಪರದೆ ಎಳೆದು, ಮಣ್ಣು ಮುಗಿಯುವವರೆಗೆ ಹಾಗೇ ಬಿಡುತ್ತಾರೆ.

ಆ ಓಣಿಯ ಪರದೆಗಳನ್ನೆಲ್ಲ ಹೊಲಿದವಳು ಫೆಮ್ಮಿ. ಬಟ್ಟೆ ಅಂಗಡಿಯ ಹಿಂಭಾಗದಲ್ಲಿ ಕೂತು ಯೌವನವನ್ನೆಲ್ಲ ಪರದೆಯ ಅಂಚು ಮಡಿಸುವುದರಲ್ಲೇ ಕಳೆದಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ಅಳತೆಗೆ ಸರಿಯಾದೋನು ಸಿಗ್ಲಿಲ್ಲ" ಅನ್ನುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಒಂದು ಹಳೆಯ ಕ್ಯಾಮೆರಾ ಕೊಂಡು, ಅಡುಗೆಮನೆಯ ಪಕ್ಕದ ಗೂಡಿನಂಥ ಕೋಣೆಯಲ್ಲಿ ಫೋಟೋ ತೊಳೆಯುವುದನ್ನು ಕಲಿತಳು. ಅವಳು ಮನುಷ್ಯರ ಫೋಟೋ ತೆಗೆದವಳಲ್ಲ. ಬ್ರೆಡ್ಡಿನ ತುಂಡು, ಅರ್ಧ ಸುಲಿದ ನಿಂಬೆಹಣ್ಣು, ತವರದ ಲೋಟ, ಇಷ್ಟೇ. ಅದೂ ಕತ್ತಲಲ್ಲಿ ಅದ್ದಿ ತೆಗೆದಂಥ ಫೋಟೋಗಳು. ಬಡಾವಣೆಯ ಫೋಟೋ ಸಂಘದ ಎವರ್ಟ್, ಅಂಚೆ ಕಚೇರಿಯಿಂದ ನಿವೃತ್ತನಾದರೂ ನಾಲಿಗೆಗೆ ಇನ್ನೂ ನಿವೃತ್ತಿ ಕೊಡದ ಮನುಷ್ಯ, ಪ್ರತಿ ಸಲ ಕನ್ನಡಕ ಮೇಲೇರಿಸಿ ಕೇಳುತ್ತಿದ್ದ: "ಚೆನ್ನಾಗಿದೆ ಫೆಮ್ಮಿ. ಆದ್ರೆ ಇದರಲ್ಲಿ ಏನಿದೆ ಅಂತ ಸ್ವಲ್ಪ ಹೇಳ್ತೀರಾ?"

ಅವಳಿಗಿದ್ದ ಒಬ್ಬಳೇ ಗೆಳತಿ ಎದುರು ಮನೆಯ ರೆನ್ಸ್ಕೆ. ದಿನಾ ಬೆಳಿಗ್ಗೆ ರೆನ್ಸ್ಕೆ ತನ್ನ ಕಿಟಕಿಯಲ್ಲಿ ಕಪ್ಪು ಟೀಪಾಟನ್ನು ಎತ್ತಿ ತೋರಿಸುತ್ತಿದ್ದಳು. ಇತ್ತ ಫೆಮ್ಮಿ ತನ್ನ ಟೀ ಕಪ್ಪನ್ನು ಎತ್ತುತ್ತಿದ್ದಳು. ಎದ್ದೆಯಾ, ಎದ್ದೆ, ಅಷ್ಟೇ ಅದರ ಅರ್ಥ. ಎಲೆ ಉದುರುವ ಕಾಲಕ್ಕೆ ರೆನ್ಸ್ಕೆ ತೀರಿಕೊಂಡಳು. ಮನೆ ಖಾಲಿಯಾಯಿತು, ಪರದೆಗಳನ್ನೂ ಬಿಚ್ಚಿ ಒಯ್ದರು. ಮಗ ವೀಬೆ ಟೀಪಾಟನ್ನು ಫೆಮ್ಮಿಯ ಕೈಗೆ ಕೊಟ್ಟು ಹೋಗಿದ್ದ. ವಸಂತ ಬರುತ್ತಲೇ ಅವನ ಫೋನು ಬಂತು.

"ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ನನ್ನ ಮಗಳು ಅಜ್ಜಿ ಟೀಪಾಟು ಬೇಕು ಅಂತ ಹಟ ಹಿಡಿದಿದ್ದಾಳೆ. ಭಾನುವಾರ ಬಂದು ತಗೊಂಡು ಹೋಗ್ಲಾ?"

"ಬೇಜಾರೇನಪ್ಪ, ನಿಮ್ಮದೇ ತಾನೇ" ಎಂದಳು ಫೆಮ್ಮಿ. ಫೋನಿಟ್ಟು ಟೀಪಾಟನ್ನು ಮೇಜಿನ ಮೇಲೆ ತಂದಿಟ್ಟಳು.

ಹೋಗುವುದರೊಳಗೆ ಅದರದೊಂದು ಫೋಟೋ ಆಗಬೇಕು. ನೋಡಿದವರು, ಹೇಳಿಸಿಕೊಳ್ಳದೆ, ಇದು ಇಂಥದ್ದು ಅನ್ನಬೇಕು. ಇಷ್ಟು ಅವಳ ಆಸೆ. ಆದರೆ ಕತ್ತಲ ಹಿನ್ನೆಲೆಯ ಮುಂದೆ ಕರಿ ಟೀಪಾಟು ಕಾಣಿಸುವುದು ಹುಡುಗಾಟವಲ್ಲ. ದೀಪ ಹಾಕಿದರೆ ಅದರ ನುಣುಪಾದ ಹೊಟ್ಟೆಯ ಮೇಲೆ ಬಲ್ಬು ಒಂದು ಬೊಕ್ಕೆಯಂತೆ ಎದ್ದು ಕೂರುತ್ತಿತ್ತು. ಪಕ್ಕದಲ್ಲಿ ಏಪ್ರನ್ ಕಟ್ಟಿದ ಫೆಮ್ಮಿ, ಕ್ಯಾಮೆರಾ, ಗೋಡೆ ಗಡಿಯಾರ, ಎಲ್ಲವೂ ಕಾಣುತ್ತಿದ್ದವು, ಟೀಪಾಟೊಂದನ್ನು ಬಿಟ್ಟು. ದೀಪ ಆರಿಸಿದರೆ ಮೂತಿಯ ತುದಿಯೊಂದು ಉಳಿದು ಮಿಕ್ಕದ್ದೆಲ್ಲ ಮಾಯ.

ಕಿಟಕಿಯ ಪೂರ್ತಿ ಬೆಳಕು ಜಾಸ್ತಿಯಾಯಿತು ಅನ್ನಿಸಿ ಸೋಮವಾರ ಅವಳು ಬೀದಿಯ ಕಡೆಯ ಪರದೆಯನ್ನು ಎಳೆದೇಬಿಟ್ಟಳು. ಕಿಟಕಿಕಟ್ಟೆಯ ಹತ್ತಿರ ಒಂದು ಮೂಲೆಯನ್ನು ಮಾತ್ರ ಎತ್ತಿ ಪಿನ್ನು ಚುಚ್ಚಿ, ಆ ಸಂದಿನ ಪಕ್ಕಕ್ಕೆ ಟೀಪಾಟು ಇಟ್ಟಳು. ಓಣಿಯ ಪದ್ಧತಿ ಅವಳಿಗೆ ನೆನಪೇ ಆಗಲಿಲ್ಲ. ಜೀವಮಾನವೆಲ್ಲ ಪರದೆ ಹೊಲಿದವಳಿಗೆ ಪರದೆ ಎಂದರೆ ಬರೀ ಬಟ್ಟೆ.

ಅವತ್ತು ಸ್ವಲ್ಪ ಬುದ್ಧಿ ಬಂತು. ಕರಿ ಮಕಮಲ್ ಹೊಲಿಯುವಾಗ ಬಟ್ಟೆಗೇ ದೀಪ ಹಿಡಿದರೆ ಕಣ್ಣು ಸೋಲುತ್ತದೆಯೇ ಹೊರತು ಏನೂ ಕಾಣದು, ಮಡಿಕೆಯ ಅಂಚಿಗೆ ಪಕ್ಕದಿಂದ ಬೆಳಕು ತಾಗಿದರೆ ಸಾಕು. ಹಾಗೆಯೇ ಒಂದು ಬಿಳಿ ರಟ್ಟನ್ನು ಟೀಪಾಟಿನ ಪಕ್ಕಕ್ಕೆ ಒರಗಿಸಿದಳು. ಹಿಡಿಯ ಮೇಲೆ ದಾರದಂಥ ಬೆಳಕಿನ ಗೆರೆ ಎದ್ದಿತು. ಹಿಂದಿದ್ದ ಕಂದು ಕಂಬಳಿಯನ್ನು ದೂರ ಸರಿಸಿ, ಟೀಪಾಟು ಕಪ್ಪಾದ ಕಡೆ ಕಂಬಳಿ ತುಸು ತಿಳಿಯಾಗುವಂತೆ ಮಾಡಿದಳು. ಅಂಚು ಸಿಕ್ಕಿತು, ಹೊಟ್ಟೆ ಮಾತ್ರ ಇನ್ನೂ ಬಾವಿಯಂತಿತ್ತು. ಸಂದಿನಿಂದ ಅದರಲ್ಲಿ ಪ್ರತಿಫಲಿಸುತ್ತಿದ್ದದ್ದು ಎದುರು ಸಾಲಿನ ಕಪ್ಪು ಇಟ್ಟಿಗೆ, ಕಪ್ಪು ಕಿಟಕಿಗಳು, ಪಾಪ ಅದಾದರೂ ಏನನ್ನು ತೋರಿಸೀತು?

ಫ್ರಿಜ್ಜಿನಲ್ಲಿ ಇದ್ದ ಬ್ರೆಡ್ಡು, ಚೀಸು ತಿನ್ನುತ್ತ ಹೊರಗೆ ಕಾಲಿಡದೆ ಒದ್ದಾಡಿದಳು. ಬುಧವಾರ ಬಿಸಿಲೇರಿದ ಮೇಲೆ, ಹತಾಶಳಾಗಿ ಕುರ್ಚಿಯಲ್ಲಿ ಕೂತವಳು ತಲೆಯೆತ್ತಿದಳು. ಟೀಪಾಟು ಎದ್ದು ಬಂದಿತ್ತು! ಅದರ ಹೊಟ್ಟೆಯ ಉಬ್ಬಿನ ಮೇಲೆ ಕೆನೆಬಣ್ಣದ ನಾಲ್ಕು ಪಟ್ಟಿಗಳು ಬಾಗಿ ಇಳಿದಿದ್ದವು. ನಡುವೆ ಒಂದು ಕಪ್ಪು ಜಾಗ ಬಿಟ್ಟು ಅತ್ತ ಎರಡು, ಇತ್ತ ಎರಡು. ಅದು ಎಷ್ಟು ದುಂಡಗಿದೆ, ಎಷ್ಟು ತೂಕದ್ದು, ಎಲ್ಲವನ್ನೂ ಆ ಪಟ್ಟಿಗಳೇ ಹೇಳುತ್ತಿದ್ದವು.

ಇದು ಎಲ್ಲಿಂದ ಬಂತು? ಸಂದಿನಲ್ಲಿ ಬಗ್ಗಿ ನೋಡಿದಳು. ಎದುರು ಸಾಲಿನ ಪರದೆಗಳೆಲ್ಲ ಮುಚ್ಚಿದ್ದವು. ಅವಳೇ ಹೊಲಿದ ಪರದೆಗಳ ಹೊರಮೈಯ ಕೆನೆ ಲೈನಿಂಗಿಗೆ ಬಿಸಿಲು ಬಡಿದು ಓಣಿಗೆಲ್ಲ ಬೆಳಕು ಚೆಲ್ಲುತ್ತಿತ್ತು. ರೆನ್ಸ್ಕೆಯ ಖಾಲಿ ಮನೆಯ ಕಿಟಕಿಯೊಂದೇ ಕಪ್ಪು.

"ಅಯ್ಯೋ ದೇವರೇ" ಎಂದಳು ಫೆಮ್ಮಿ. ಯಾರೋ ಹೋಗಿದ್ದಾರೆ. ಎದುರು ಸಾಲಿನ ಕೋಬಿಯ ಅತ್ತೆಯೇ ಇರಬೇಕು, ಮುದುಕಿಗೆ ತೊಂಬತ್ತು ದಾಟಿತ್ತು. ಸತ್ತವರ ಬೆಳಕಿನಲ್ಲಿ ಫೋಟೋ ತೆಗೆಯುವುದೇ ಎಂದು ನಾಚಿಕೆಯಾಯಿತು. ನಾಚಿಕೊಳ್ಳುತ್ತಲೇ ರೀಲು ಮುಗಿಯುವವರೆಗೂ ತೆಗೆದಳು. ಆಮೇಲೆ ಕಪ್ಪು ಕೋಟು ತೊಟ್ಟು, ಒಣದ್ರಾಕ್ಷಿಯ ಬ್ರೆಡ್ಡೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಣಿ ದಾಟಿ ಬೆಲ್ ಒತ್ತಿದಳು.

ಬಾಗಿಲು ತೆಗೆದ ಕೋಬಿ ಕಿಟಾರನೆ ಕಿರುಚಿ ಬಾಗಿಲಿಗೇ ಒರಗಿದಳು. "ಫೆಮ್ಮಿ! ನೀನು ಸತ್ತಿಲ್ವಾ?"

"ನಾನ್ಯಾಕೆ ಸಾಯ್ಲಿ? ನಿಮ್ಮತ್ತೆ ಹೋದ್ರು ಅಂತ ಮಾತಾಡಿಸೋಕೆ ಬಂದೆ."

"ಯಾರೇ ಅದು ನನ್ನ ಸಾಯಿಸ್ತಿರೋಳು?" ಒಳಗಿಂದ ಮುದುಕಿಯ ದನಿ ಬಂತು. "ಬ್ರೆಡ್ ತಂದಿದ್ರೆ ಒಳಗೆ ಕಳ್ಸು."

"ನಿನ್ನ ಪರದೆ ಮುಚ್ಚಿತ್ತಲ್ಲೇ!" ಎಂದಳು ಕೋಬಿ ಎದೆ ಹಿಡಿದುಕೊಂಡು. "ಒಂದು ದಿನ ನೋಡಿದ್ವಿ, ಎರಡು ದಿನ ನೋಡಿದ್ವಿ. ಇವತ್ತು ನಾನೇ ಮನೆಮನೆಗೂ ಹೋಗಿ ಹೇಳಿ ಎಲ್ಲರ ಪರದೆ ಎಳೆಸಿದೆ. ಅತ್ತೂಬಿಟ್ಟೆ ಕಣೇ."

"ಫೋಟೋ ತೆಗೀತಿದ್ದೆ."

"ಪರದೆ ಮುಚ್ಕೊಂಡಾ? ಎಲ್ಲರೂ ಬೆಳಕು ಹುಡುಕಿದ್ರೆ ಇವಳೊಬ್ಬಳು ಕತ್ತಲೆ ಹುಡುಕ್ತಾಳೆ!"

ಫೆಮ್ಮಿಗೂ ನಗು ಬಂತು. ನಗುತ್ತಲೇ ಕೇಳಿದಳು: "ಅಲ್ಲ ಕೋಬಿ, ಒಂದ್ಸಲ ಬಂದು ಬೆಲ್ ಒತ್ತಬಹುದಿತ್ತಲ್ಲ?"

"ಒತ್ತಿದ್ರೆ ತೆಗೆಯೋರು ಯಾರು? ಸತ್ತಿರೋಳು ಎದ್ದು ಬರ್ತಾಳಾ? ಒಳಗೆ ಇನ್ಯಾರೂ ಇರಲ್ಲ ಅಂತ ಗೊತ್ತಲ್ಲ." ಅಂದಮೇಲೆ ಕೋಬಿ ನಾಲಿಗೆ ಕಚ್ಚಿಕೊಂಡಳು.

"ಮತ್ತೆ ಹೆಣ ಎತ್ತೋರು ಯಾರು ಅಂದ್ಕೊಂಡ್ರಿ?"

"ಯಾರಾದ್ರೂ..." ಎಂದಳು ಕೋಬಿ.

ಒಳಗೆ ಇನ್ಯಾರೂ ಇರಲ್ಲ ಎಂಬ ಮಾತು ಕೆಟ್ಟ ಮನಸ್ಸಿನಿಂದ ಬಂದದ್ದಲ್ಲವೆಂದು ಫೆಮ್ಮಿಗೆ ಗೊತ್ತಿತ್ತು. ಅದಕ್ಕೇ ಜಾಸ್ತಿ ನೋವಾಯಿತು. ಬ್ರೆಡ್ಡು ಕೊಟ್ಟು, "ಇನ್ನೊಂದ್ಸಲ ಮುಚ್ಚಿದ್ರೆ ಒತ್ತು ಮಾರಾಯ್ತಿ. ತೆಗೆಯೋಕೆ ಆದ್ರೆ ತೆಗೀತೀನಿ" ಎಂದು ತಿರುಗಿ ಬಂದಳು.

ಮನೆಗೆ ಬಂದು ದೀಪ ಹಾಕದೆ ಕೂತಳು. ಸುದ್ದಿ ಆಗಲೇ ಓಣಿ ಸುತ್ತಿರಬೇಕು. ಟೀಪಾಟಿನ ಹೊಟ್ಟೆಯಲ್ಲಿ ಒಂದು ಪಟ್ಟಿ ಆರಿತು, ಆಮೇಲೆ ಇನ್ನೊಂದು. ಫೆಮ್ಮಿ ಬದುಕಿದ್ದಾಳೆ, ಪರದೆ ತೆಗೆಯಿರಿ ಎಂದು ಎಲ್ಲರೂ ತೆಗೆಯುತ್ತಿದ್ದರು. ನಾಲ್ಕೂ ಆರಿದ ಮೇಲೆ ಟೀಪಾಟು ಮೊದಲಿನಂತೆ ಕತ್ತಲಲ್ಲಿ ಕರಗಿಹೋಯಿತು. ಆಗ ಅವಳು ಅತ್ತಳು.

ಭಾನುವಾರ ವೀಬೆ ಬಂದು, ಕಾಫಿ ಕುಡಿದು, ಟೀಪಾಟನ್ನು ತನ್ನ ಸ್ವೆಟರಿನಲ್ಲಿ ಸುತ್ತಿ ಒಯ್ದ. ಫೆಮ್ಮಿ ತೊಳೆದು ಒಣಗಿಸಿದ ಫೋಟೋವನ್ನು ಸಂಘಕ್ಕೆ ಒಯ್ದಳು. ಎವರ್ಟ್ ಅಭ್ಯಾಸಬಲದಿಂದ ಕನ್ನಡಕಕ್ಕೆ ಕೈ ಹಾಕಿದ. ಆದರೆ ಅದನ್ನು ಮೇಲೇರಿಸಲಿಲ್ಲ.

"ಟೀಪಾಟು" ಎಂದ. ಫೋಟೋದ ಮೇಲೆ ಬಗ್ಗಿ ಕೇಳಿದ: "ಯಾವ ದೀಪ ಹಾಕಿದ್ರಿ? ಈ ಬಿಳಿ ಪಟ್ಟಿಗಳು ಎಲ್ಲಿಂದ ಬಂದ್ವು?"

"ನಾನು ಸತ್ತೆ ಅಂತ ಎಳೆದ ಪರದೆಗಳು."

ಎವರ್ಟ್ ನಗಬೇಕೋ ಬೇಡವೋ ತಿಳಿಯದೆ ಫೋಟೋವನ್ನೇ ನೋಡಿದ. "ನಡುವೆ ಒಂದು ಇಲ್ವಲ್ಲ?"

"ಅದು ಈ ಟೀಪಾಟಿನ ಮನೆ" ಎಂದಳು ಫೆಮ್ಮಿ.

ಸಂಘದ ಗೋಡೆಯ ಮೇಲೆ ಬಡಾವಣೆಯವರೆಲ್ಲ ನೋಡಿ ಮೆಚ್ಚಿದ ಮೇಲೆ ಫೋಟೋ ಅವಳ ಗೋಡೆಗೆ ಬಂತು. ದಿನಗಳು ಮೊದಲಿನಂತೆಯೇ ಉದ್ದವಾಗಿದ್ದವು. ಬೆಳಿಗ್ಗೆ ಕಪ್ಪು ಎತ್ತಿದರೆ ಎದುರಿಗೆ ಆ ಖಾಲಿ ಕಿಟಕಿಯೇ. ಒಂದು ದಿನ ಅವಳು ಕ್ಯಾಮೆರಾ ತೆಗೆಯಲಿಲ್ಲ, ಟೀಪಾಟೂ ಇರಲಿಲ್ಲ, ಆದರೂ ಹಾಡುಹಗಲಲ್ಲಿ ಪರದೆಯನ್ನು ಪೂರ್ತಿ ಎಳೆದಳು. ಮೇಜಿನ ಮೇಲೆ ಎರಡು ಕಪ್ಪು ಇಟ್ಟು, ನೀರು ಕಾಯಿಸಿ, ಕೈ ಕಟ್ಟಿ ಕತ್ತಲಲ್ಲಿ ಕೂತಳು. ಮಕ್ಕಳಾಟ ಎಂದು ತನ್ನನ್ನೇ ಬೈದುಕೊಂಡಳು. ನೀರು ಆರಿತು. ಮತ್ತೆ ಕಾಯಿಸಿದಳು.

ಬೆಲ್ ಸದ್ದಾಯಿತು.

ಫೆಮ್ಮಿ ಏಳಲಿಲ್ಲ. ಇನ್ನೊಂದು ಸಲ ಕೇಳಬೇಕೆನಿಸಿ ಕೂತೇ ಇದ್ದಳು.