ಬಟ್ಟೆ ಸೀಟಿಯ ಭಾವ

ನಮ್ಮ ಭಾವನ ನಿಜವಾದ ಬಣ್ಣ ಯಾವುದೆಂದು ಮದುವೆಯಾಗಿ ಎಷ್ಟೋ ಕಾಲದವರೆಗೆ ನಮ್ಮ ಅಕ್ಕನಿಗೇ ಗೊತ್ತಿರಲಿಲ್ಲ. ಅವರು ಪವರ್ ಹೌಸಿನಲ್ಲಿ ಬಾಯ್ಲರ್ ಮೇಸ್ತ್ರಿ. ಪಾಳಿ ಮುಗಿಸಿ ಬಂದು ಬಚ್ಚಲಿಗೆ ಹೋದರೆ ಮೊದಲನೇ ಬಕೆಟ್ಟಿಗೆ ಕಣ್ಣು ಕಾಣಿಸುತ್ತಿತ್ತು, ಎರಡನೆಯದಕ್ಕೆ ಮೂಗು. ಪೂರ್ತಿ ಮುಖ ಹೊರಬರುವಷ್ಟರಲ್ಲಿ ಮುಂದಿನ ಪಾಳಿಯ ಸೈರನ್ ಕೂಗಿಬಿಡುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆ ಏನಾದರೂ ಇದ್ದರೆ ಅದು ಬಕೆಟ್ಟಿನ ಲೆಕ್ಕದಲ್ಲಿ ಮಾತ್ರ.

ಕಾಲೊನಿಯ ಗೇಟಿನ ಹತ್ತಿರ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಅಲ್ಲಿ ಕೂತರೆ ಒಂದು ಕಡೆ ಮುಗಿಲು ಮುಟ್ಟುವ ಚಿಮಣಿ, ಇನ್ನೊಂದು ಕಡೆ ಸಾಲು ಮನೆಗಳು, ನಡುವೆ ಎಲ್ಲರಿಗೂ ಸೇರಿದ ಒಂದು ಅಂಗಳ. ಅಂಗಳದ ತುಂಬ ಬಟ್ಟೆ ಒಣಗಿಸುವ ಹಗ್ಗಗಳು. ಕಾಗೆಗಳು ಬಂದು ನಮ್ಮನ್ನು ನೋಡಿ, ತಮ್ಮವರೇ ಎಂದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ ಊರು ಅದು.

ಕಲ್ಲಿದ್ದಲು ಉರಿಯುವ ಬಾಯ್ಲರಿನೊಳಗೆ ಕೊಳವೆಗಳ ಮೇಲೆ ಮಸಿ ಕಟ್ಟುತ್ತದೆ. ಪಾಳಿಗೊಮ್ಮೆ ಜೋರಾಗಿ ಹಬೆ ಬಿಟ್ಟು ಅದನ್ನು ಉದುರಿಸಬೇಕು. ಇಲ್ಲದಿದ್ದರೆ ಕೊಳವೆಯೊಳಗಿನ ನೀರಿಗೆ ಬಿಸಿ ತಾಗುವುದಿಲ್ಲ, ಕರೆಂಟು ಸೊರಗುತ್ತದೆ. ಉದುರಿದ ಮಸಿಯೂ ಬೂದಿಯೂ ಚಿಮಣಿ ಹತ್ತಿ ಆಕಾಶಕ್ಕೆ ಹೋಗಿ, ಇಷ್ಟು ದೊಡ್ಡ ದೇಶದಲ್ಲಿ ಇಳಿಯಲು ಬೇರೆ ಜಾಗವೇ ಇಲ್ಲವೆಂಬಂತೆ ನೇರವಾಗಿ ನಮ್ಮ ಅಕ್ಕನ ಹಗ್ಗದ ಮೇಲೆ ಇಳಿಯುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅಕ್ಕ ಒಂದು ಬಿಳಿ ಹೊದಿಕೆ ಒಗೆದು ಹಾಕಿ, ಸಂಜೆ ಕರಿ ಕಂಬಳಿ ಮಡಿಚಿಟ್ಟಳು.

"ಏನ್ರೀ, ನೀವು ಅಲ್ಲಿ ಮಸಿ ಉದುರಿಸೋ ಮೊದಲು ಒಂದು ಮಾತು ಹೇಳ್ಬಾರ್ದಾ?"

"ಅಷ್ಟು ಎತ್ತರದಿಂದ ಹೆಂಗೆ ಹೇಳ್ಲಿ? ನಾನೇನು ಗಿಳೀನಾ ಹಾರಿ ಬಂದು ಹೇಳೋಕೆ?"

"ಮನೇಲಿ ಚಹಾ ತಡವಾದ್ರೆ ಮೂರು ಬೀದಿಗೆ ಕೇಳೋ ಹಂಗೆ ಕೂಗ್ತೀರಲ್ಲ, ಅಲ್ಲೂ ಕೂಗಿ."

ಭಾವ ಕೂಗಲಿಲ್ಲ. ಬಾಯ್ಲರಿನ ಪಕ್ಕದಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ಹಳೆಯ ಹಬೆ ಸೀಟಿಯೊಂದನ್ನು ಉಜ್ಜಿ, ಎಣ್ಣೆ ಬಿಟ್ಟು, ಸರಪಳಿ ಕಟ್ಟಿದರು. ಮಸಿ ಉದುರಿಸುವ ಸ್ವಲ್ಪ ಮುಂಚೆ ಎರಡು ಸಲ ಎಳೆಯುತ್ತಿದ್ದರು. ಕೇಳಿದ್ದೇ ತಡ, ಕಾಲೊನಿಯ ಹೆಂಗಸರೆಲ್ಲ ಒಲೆಯ ಮೇಲಿದ್ದದ್ದನ್ನು ಒಲೆಯ ಮೇಲೇ ಬಿಟ್ಟು ಹೊರಗೆ ಓಡಿ, ಬಟ್ಟೆ ಬಾಚಿಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ವೇಗ ನೋಡಬೇಕಿತ್ತು. ಹಗ್ಗಕ್ಕೆ ತನ್ನ ಮೇಲಿನ ಬಟ್ಟೆ ಹೋದದ್ದೇ ತಿಳಿಯುತ್ತಿರಲಿಲ್ಲ, ಒಂದು ಗಳಿಗೆ ಹಾಗೇ ಜೋತುಕೊಂಡಿರುತ್ತಿತ್ತು. ಅದಕ್ಕೆ ಬಟ್ಟೆ ಸೀಟಿ ಎಂದೇ ಹೆಸರಾಯಿತು.

ಹೊಸದಾಗಿ ಬಂದ ಎಂಜಿನಿಯರ್ ಸಾಹೇಬರು ಒಮ್ಮೆ ಅದನ್ನು ನಿಲ್ಲಿಸಿದರು. "ಏನ್ರೀ ಇದು? ದೇಶ ಕಟ್ಟೋಕೆ ಇರೋ ಹಬೇನ ಸೀಟಿ ಹೊಡೆಯೋಕೆ ಬಳಸ್ತೀರಾ?"

"ಆಯ್ತು ಸಾರ್," ಎಂದರು ಭಾವ. ಮಾರನೇ ದಿನ ಸಾಹೇಬರು ಬೂದು ಬಣ್ಣದ ಅಂಗಿಯಲ್ಲಿ ಆಫೀಸಿಗೆ ಬಂದರು. ಅವರ ಹತ್ತಿರ ಬೂದು ಬಣ್ಣದ ಅಂಗಿಯೇ ಇರಲಿಲ್ಲ. ಅವರ ಮನೆಯಲ್ಲಿ ಅವರಿಗೆ ಏನು ಸಿಕ್ಕಿತೋ, ಮಧ್ಯಾಹ್ನದ ಹೊತ್ತಿಗೆ ಸೀಟಿಗೆ ಅಪ್ಪಣೆಯಾಯಿತು.

ಚಿಮಣಿಗೆ ಬೂದಿ ಹಿಡಿಯುವ ಯಂತ್ರ ಬರುತ್ತದೆ ಎಂದು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಬಂತು ಕೂಡ, ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ. ಆದರೆ ಅದನ್ನು ಕೂರಿಸಬೇಕಾದರೆ ಪವರ್ ಹೌಸು ಕೆಲವು ತಿಂಗಳು ನಿಲ್ಲಬೇಕು. ನಿಂತರೆ ಕಾರ್ಖಾನೆ ನಿಲ್ಲುತ್ತದೆ, ಆಸ್ಪತ್ರೆ ನಿಲ್ಲುತ್ತದೆ, ರೈಲು ನಿಲ್ಲುತ್ತದೆ. "ದೇಶ ಓಡೋವಾಗ ಚಪ್ಪಲಿ ಕಿತ್ತುಹೋದ್ರೆ ನಿಂತು ಹೊಲಿಸ್ಕೊಳ್ಳೋಕಾಗುತ್ತೇನಯ್ಯ?" ಎಂದು ಭಾವ ನನಗೇ ಪಾಠ ಹೇಳುತ್ತಿದ್ದರು. ಅವರಿಗೆ ಆ ಹೆಮ್ಮೆ ನಿಜವಾಗಿಯೂ ಇತ್ತು. ರೈಲಿನಲ್ಲಿ ಹೋಗುವಾಗ ದೂರದ ಊರಿನ ದೀಪ ಕಂಡರೆ ಸಾಕು, ಪಕ್ಕದಲ್ಲಿ ಕೂತ ಅಪರಿಚಿತರ ತೋಳು ಹಿಡಿದು, "ಅದು ನಮ್ದೇ," ಎನ್ನುತ್ತಿದ್ದರು. ಪೆಟ್ಟಿಗೆಗಳ ಮೇಲೆ ಗಿಡ ಬೆಳೆಯಿತು. ಆ ಗಿಡದ ಮೇಲೂ ಬೂದಿ ಬಿತ್ತು.

ಭಾವನಿಗೆ ಒಬ್ಬಳೇ ಮಗಳು. ಬಾಯಿಗೆ ಬಿಡುವೇ ಇರಲಿಲ್ಲವಾದ್ದರಿಂದ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಮಾತಾಡುತ್ತಲೇ ಹುಟ್ಟಿದ ಮಗು. ಸೂಲಗಿತ್ತಿಗೆ ಎದುರುತ್ತರ ಕೊಟ್ಟಳೆಂದು ನಾನು ಈಗಲೂ ಹೇಳುತ್ತೇನೆ. ಮೂರನೇ ವಯಸ್ಸಿನಿಂದಲೂ ಅವಳದು ಒಂದೇ ಹಟ: ಅಪ್ಪನ ಪವರ್ ಹೌಸಿನಲ್ಲಿ, ಸಾಲು ದೀಪಗಳು ಹೊಳೆಯುವ ಆ ಕಂಟ್ರೋಲ್ ರೂಮಿನಲ್ಲಿ ಕೂರಬೇಕು. ಚೆನ್ನಾಗಿ ಓದಿದಳು. ನೌಕರಿಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ವೈದ್ಯಕೀಯ ಪರೀಕ್ಷೆಯೊಂದು ಬಾಕಿಯಿತ್ತು. ಅದೇನು ಮಹಾ ಎಂದು ಭಾವ ಆಗಲೇ ಅವಳಿಗೊಂದು ಹೊಸ ಊಟದ ಡಬ್ಬಿ ತಂದಿಟ್ಟಿದ್ದರು.

ಪವರ್ ಹೌಸಿನ ಆಸ್ಪತ್ರೆಗೆ ನಾವು ಮೂವರೂ ಹೋದೆವು. ಒಂದು ಕೊಳವೆ ಕೊಟ್ಟು, ಎಷ್ಟು ಜೋರಾಗಿ ಆಗುತ್ತೋ ಅಷ್ಟು ಜೋರಾಗಿ ಊದಮ್ಮ ಎಂದರು. ಗುಬ್ಬಿ ಊದಿದಳು. ಮತ್ತೆ ಊದು ಎಂದರು. ಮತ್ತೆ ಊದಿದಳು. ಡಾಕ್ಟರು ಯಂತ್ರದ ಮುಳ್ಳು ಅಂಟಿಕೊಂಡಿದೆಯೇನೋ ಎಂದು ಅದನ್ನು ತಟ್ಟಿ ನೋಡಿದರು. ಆಮೇಲೆ ಭಾವನನ್ನು ಒಳಗೆ ಕರೆದರು. ಬಾಗಿಲಲ್ಲೇ ನಿಂತಿದ್ದ ನನಗೆ ಎಲ್ಲ ಕೇಳಿಸಿತು.

"ನಿಮ್ಮ ಮಗಳು ಬಾಯ್ಲರ್ ಹತ್ರ ಎಷ್ಟು ವರ್ಷ ಕೆಲಸ ಮಾಡಿದ್ದಾರೆ?"

"ಅಯ್ಯೋ, ಅವಳು ಪವರ್ ಹೌಸಿನೊಳಗೆ ಕಾಲೇ ಇಟ್ಟಿಲ್ಲ ಡಾಕ್ಟ್ರೇ."

"ಮತ್ತೆ ಈ ಉಸಿರು ಬಾಯ್ಲರ್ ಕೆಲಸದೋರ ಉಸಿರಿನ ಥರ ಇದೆಯಲ್ಲ? ಚಿಕ್ಕಂದಿನಲ್ಲಿ ಬೂದಿ ಬೀಳೋವಾಗ ಎಲ್ಲಿರ್ತಿದ್ದರು?"

"ಬೂದಿ ಬೀಳೋ ಮುಂಚೆ ನಾನು ಸೀಟಿ ಹೊಡೀತಿದ್ದೆ ಡಾಕ್ಟ್ರೇ. ಸೀಟಿ ಕೇಳಿದ ತಕ್ಷಣ ಎಲ್ಲಾರೂ..." ಎಂದು ಶುರುಮಾಡಿದ ಭಾವ ಅಲ್ಲಿಗೇ ನಿಂತರು.

ಅವರು ಯಾಕೆ ನಿಂತರೆಂದು ನನಗೂ ಅದೇ ಗಳಿಗೆಯಲ್ಲಿ ತಿಳಿಯಿತು. ಹಗ್ಗದ ಮೇಲೆ ಬಟ್ಟೆಯಿರುವಾಗ ಅಂಗಳದಲ್ಲಿ ಚೆಂಡಾಟ ಆಡುವಂತಿರಲಿಲ್ಲ. ಕೆಸರು ಚೆಂಡು ಬಟ್ಟೆಗೆ ತಗುಲಿದರೆ ಬೆನ್ನಿಗೆ ಏಟು ಬೀಳುತ್ತಿತ್ತು. ಸೀಟಿಯಾದರೆ ಬಟ್ಟೆ ಒಳಗೆ, ಅಂಗಳ ಖಾಲಿ. ಆಗ ಕಾಲೊನಿಯ ಮಕ್ಕಳೆಲ್ಲ ಹೋ ಎಂದು ಚೆಂಡು ಹಿಡಿದು ಹೊರಗೆ ಓಡುತ್ತಿದ್ದವು. ಎಲ್ಲರಿಗಿಂತ ಮುಂದೆ ಗುಬ್ಬಿ. ಮೇಲಿನಿಂದ ಬೂದಿ ಉದುರುವಾಗ ಮುಖ ಮೇಲೆತ್ತಿ, ನಾಲಗೆ ಚಾಚಿ, ಯಾರ ನಾಲಗೆಯ ಮೇಲೆ ದೊಡ್ಡ ಚೂರು ಬೀಳುತ್ತದೆಂದು ಪಂದ್ಯ ಬೇರೆ. ನಾವು ದೊಡ್ಡವರು ಕಿಟಕಿ ಭದ್ರವಾಗಿ ಹಾಕಿಕೊಂಡು, ಗಾಜಿನ ಈಚೆಯಿಂದ ನೋಡಿ ನಗುತ್ತಿದ್ದೆವು.

ದಾರಿಯಲ್ಲಿ ಭಾವ ನನ್ನ ಜೊತೆ ಒಂದೇ ಮಾತಾಡಿದರು. "ಬಟ್ಟೇನ ಒಳಗೆ ಕರೆದೆ ಕಣೋ. ಮಕ್ಕಳನ್ನ ಹೊರಗೆ ಕರೆದೆ."

 

ಗುಬ್ಬಿಗೆ ಕಂಟ್ರೋಲ್ ರೂಮು ತಪ್ಪಿತು. ಕರೆಂಟು ಹೋದಾಗ ಜನ ಫೋನು ಮಾಡಿ ಬೈಯುವ ಕಚೇರಿಯಲ್ಲಿ ಒಂದು ಕುರ್ಚಿ ಕೊಟ್ಟರು. ನಾಲ್ಕು ಮಾತಿಗೊಮ್ಮೆ ಅವಳು ಉಸಿರಿಗಾಗಿ ನಿಲ್ಲುತ್ತಾಳೆ. ಬೈಯುವವರು ಎಷ್ಟು ತಾಳ್ಮೆಯ ಹುಡುಗಿ ಎಂದುಕೊಂಡು ಬೈಗುಳ ಕಡಿಮೆ ಮಾಡುತ್ತಾರೆ. ಮನೆಗೆ ಬಂದರೆ ಉಸಿರಿನ ಯಂತ್ರ ಹಚ್ಚಿಕೊಂಡು ಮೂಗು ಬಾಯಿಗೆ ಮುಸುಕು ಇಟ್ಟುಕೊಳ್ಳಬೇಕು. ಒಮ್ಮೆ ಅದರೊಳಗಿನಿಂದಲೇ ಹೇಳಿದಳು: "ಬೇಜಾರು ಮಾಡ್ಕೋಬೇಡಪ್ಪ. ನಿನ್ನ ಪವರ್ ಹೌಸು ಕಿತ್ಕೊಂಡಿದ್ದ ಉಸಿರನ್ನ ಇದೇ ಕರೆಂಟಿನಲ್ಲಿ ಕಂತು ಕಂತಾಗಿ ವಾಪಸ್ ಕೊಡ್ತಿದೆ." ನಾನು ನಕ್ಕೆ. ಅಕ್ಕನೂ ನಕ್ಕಳು. ಭಾವ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು.

ನಿವೃತ್ತಿಯ ದಿನ ಜೊತೆಯವರು ಹಾರ ಹಾಕಿ, ಕೊನೆಯ ಸಲ ಸೀಟಿ ನೀವೇ ಹೊಡೀಬೇಕು ಎಂದು ಭಾವನನ್ನು ಮೇಲಕ್ಕೆ ಹತ್ತಿಸಿದರು. ಅವರು ಸರಪಳಿ ಮುಟ್ಟಲಿಲ್ಲ. ಸೀಟಿಯಿಲ್ಲದೆಯೇ ಹಬೆ ಬಿಟ್ಟರು. ಅಂಗಳದ ಬಟ್ಟೆಯೆಲ್ಲ ಕಪ್ಪಾಯಿತು. ಹಗ್ಗದ ಮೇಲೆ ಬಟ್ಟೆ ಇದ್ದದ್ದರಿಂದ ಅವತ್ತು ಒಂದು ಮಗುವೂ ಹೊರಗಿರಲಿಲ್ಲ.

"ಹೋಗ್ತಾ ಹೋಗ್ತಾ ನಮ್ಮ ಹೊಟ್ಟೆ ಉರಿಸಿ ಹೋದ್ರಲ್ಲ ಮೇಸ್ತ್ರಿಗಳೇ!" ಎಂದು ಹೆಂಗಸರು ಬಾಯಿಗೆ ಬಂದದ್ದು ಅಂದರು. ಭಾವ ಹಾರ ಹಾಕಿಕೊಂಡೇ ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಸೀಟಿ ಯಾಕೆ ಹೊಡೆಯಲಿಲ್ಲವೆಂದು ಹೇಳಿದರು ಕೂಡ. ಒಬ್ಬಿಬ್ಬರು ಬೈಯುವುದು ಬಿಟ್ಟು ಕಪ್ಪಾದ ಬಟ್ಟೆ ಬಾಚಿಕೊಂಡು ಒಳಗೆ ಹೋದರು. ಆದರೆ ಮಾರನೇ ದಿನವೂ ಬಟ್ಟೆ ಒಗೆಯಲೇಬೇಕಿತ್ತು. ಹೊಸ ಮೇಸ್ತ್ರಿ ಎರಡು ಸೀಟಿ ಹೊಡೆದ. ಬಟ್ಟೆ ಒಳಗೆ ಹೋಯಿತು, ಚೆಂಡು ಹೊರಗೆ ಬಂತು.

ಪವರ್ ಹೌಸಿನವರು ಕೊಟ್ಟಿದ್ದ ಮನೆ ಈಗ ಗುಬ್ಬಿಯ ನೌಕರಿಯಿಂದಾಗಿ ಅವರಿಗೇ ಉಳಿದಿದೆ. ಸೀಟಿ ಕೇಳಿದರೆ ಹೆಂಗಸರ ಜೊತೆ ಭಾವನೂ ಓಡುತ್ತಾರೆ. ಅವರು ಬಾಚಿಕೊಳ್ಳುವುದು ಮಕ್ಕಳನ್ನು. "ಒಳಗ್ ಬನ್ರೋ, ನಮ್ಮನೇಲಿ ಆಡ್ರೋ!" ನಡುಮನೆಯ ಸಾಮಾನೆಲ್ಲ ಗೋಡೆಗೆ ಸರಿಸಿ ಚೆಂಡಾಟ. ಎರಡು ಕಿಟಕಿಯ ಗಾಜು, ಗಡಿಯಾರ, ನನ್ನ ಕನ್ನಡಕ ಎಲ್ಲವೂ ಆಟಕ್ಕೆ ಸಂದಿವೆ. "ಈ ಮನೇಲಿ ಸೊಟ್ಟಗಿಲ್ಲದ ಒಂದು ಲೋಟ ತೋರಿಸ್ರೀ ನೋಡೋಣ," ಎಂದು ಅಕ್ಕ ಗೊಣಗುತ್ತಾಳೆ, ತನ್ನ ಹೊದಿಕೆ ಹಗ್ಗದ ಮೇಲೇ ಉಳಿದದ್ದು ನೆನಪಾಗಿ ಹಣೆ ಚಚ್ಚಿಕೊಳ್ಳುತ್ತಾಳೆ. ಎಲ್ಲ ಮಕ್ಕಳೂ ಬರುವುದಿಲ್ಲ. ದೊಡ್ಡ ಚೂರು ಹಿಡಿಯುವ ಪಂದ್ಯ ಬಿಟ್ಟು ಮುದುಕನ ಮನೆಗೆ ಯಾರು ಬರುತ್ತಾರೆ? ಬಾರದವರನ್ನು ಭಾವ ಕಿಟಕಿಯಲ್ಲಿ ನಿಂತು ನೋಡುತ್ತಲೇ ಇರುತ್ತಾರೆ.

ಮೂಲೆಯ ಕುರ್ಚಿಯಲ್ಲಿ ಗುಬ್ಬಿಯೇ ಅಂಪೈರು. ತಪ್ಪಾಟ ಕಂಡರೆ ಸೀಟಿ ಊದಬೇಕು. ಮಕ್ಕಳೇ ಒಂದನ್ನು ತಂದುಕೊಟ್ಟಿದ್ದರು. ಅದಕ್ಕೆ ಬೇಕಾದಷ್ಟು ಉಸಿರು ಅವಳಲ್ಲಿಲ್ಲ. ಚಪ್ಪಾಳೆ ತಟ್ಟುತ್ತಾಳೆ.